ಹೋದ ಕರೆಂಟು ವಾಪಸ್ ಬರಬೇಕು

ಹಳೆಯ ಕಾರಿನ ಒಂದು ಕಡೆಯ ಹೆಡ್‌ಲೈಟು ಮಂಕಾಗಿ ಉರಿಯುತ್ತಿದೆ. ಫ್ಯೂಸ್ ನೋಡಿದ್ದಾಯಿತು, ಹೊಸ ಬಲ್ಬ್ ಹಾಕಿದ್ದಾಯಿತು. ಬಲ್ಬ್ ಕಳಚಿ ಹೋಲ್ಡರಿನ ಪಿನ್ನುಗಳಿಗೆ ಮಲ್ಟಿಮೀಟರ್ ಮುಟ್ಟಿಸಿದರೆ 12 ವೋಲ್ಟಿಗಿಂತ ಹೆಚ್ಚೇ ತೋರಿಸುತ್ತದೆ. ಬಲ್ಬ್ ವಾಪಸ್ ಹಾಕಿದ ಕೂಡಲೇ ಮತ್ತೆ ಅದೇ ಕೆಂಚು ಬೆಳಕು. ಹಳೆಯ ಗಾಡಿಗಳ ದೀಪದ ದೋಷ ಹುಡುಕುವವರನ್ನು ಇಷ್ಟು ಗೊಂದಲಕ್ಕೆ ಕೆಡವುವ ಸಂಗತಿ ಬೇರೊಂದಿಲ್ಲ. ಮೀಟರು ಸರಿಯಾಗಿಯೇ ಇದೆ, ಅಳೆದ ಸಮಯ ಮಾತ್ರ ತಪ್ಪು.

ಈಗಿನ ಡಿಜಿಟಲ್ ಮೀಟರುಗಳ ಒಳರೋಧ, ಅಂದರೆ ಕರೆಂಟಿಗೆ ಅವು ಒಡ್ಡುವ ಅಡ್ಡಿ, ಸಾಮಾನ್ಯವಾಗಿ 10 ಮೆಗಾಓಮ್ (ಒಂದು ಕೋಟಿ ಓಮ್). 12 ವೋಲ್ಟಿಗೆ ಅದು ಎಳೆದುಕೊಳ್ಳುವುದು ಆಂಪಿಯರಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ದಾರಿಯಲ್ಲೆಲ್ಲೋ ಕಿಲುಬು ಹಿಡಿದ ಜೋಡಣೆಯೊಂದು 1000 ಓಮ್ ರೋಧ ಒಡ್ಡಿದ್ದರೂ ಇಷ್ಟು ಸಣ್ಣ ಕರೆಂಟಿಗೆ ಅಲ್ಲಿ ಕಳೆದುಹೋಗುವುದು ವೋಲ್ಟಿನ ಸಾವಿರದ ಒಂದು ಪಾಲು. ಮೀಟರಿಗೆ ಅದು ಕಾಣಿಸುವುದೇ ಇಲ್ಲ. 55 ವ್ಯಾಟಿನ ಬಲ್ಬಿಗಾದರೋ ಸುಮಾರು 4.6 ಆಂಪಿಯರ್ ಬೇಕು. ಅದರ ದಾರಿಯಲ್ಲಿ ಬರೀ 0.2 ಓಮ್ ಅಡ್ಡ ಬಂದರೂ ಹೆಚ್ಚುಕಡಿಮೆ ಒಂದು ವೋಲ್ಟ್ ಅಲ್ಲೇ ಕಳೆದುಹೋಯಿತು. 1827ರಲ್ಲಿ ಗೇಯಾರ್ಗ್ ಓಮ್ ಪ್ರಕಟಿಸಿದ ನಿಯಮ ಹೇಳುವುದು ಇದನ್ನೇ: ಜೋಡಣೆಯಲ್ಲಿ ನಷ್ಟವಾಗುವ ವೋಲ್ಟೇಜು ಎಂದರೆ ಅಲ್ಲಿನ ರೋಧವನ್ನು ಹರಿಯುವ ಕರೆಂಟಿನಿಂದ ಗುಣಿಸಿದಷ್ಟು. ಕರೆಂಟು ಹರಿಯದಿದ್ದಾಗ ಎಂಥ ಕೆಟ್ಟ ಜೋಡಣೆಯೂ ತನ್ನ ಗುಟ್ಟು ಬಿಟ್ಟುಕೊಡದು. ಆದ್ದರಿಂದ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು.

ಒಂದು ವೋಲ್ಟ್ ಹೋದರೆ ಏನು ಮಹಾ ಎನಿಸಬಹುದು. ತಂತು ಕಾದು ಬೆಳಗುವ ಬಲ್ಬಿನಲ್ಲಿ ಬೆಳಕು ವೋಲ್ಟೇಜಿನ ಸರಿಸಮಕ್ಕೆ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಕುಸಿಯುತ್ತದೆ. 12ರ ಬದಲು 11 ವೋಲ್ಟ್ ಸಿಕ್ಕರೆ ಸುಮಾರು ಕಾಲು ಭಾಗ ಬೆಳಕು ಖೋತಾ. 10ಕ್ಕೆ ಇಳಿದರೆ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಕಳೆದುಹೋದ ವಿದ್ಯುತ್ತು ಜೋಡಣೆಯಲ್ಲೇ ಶಾಖವಾಗುತ್ತದೆ. ನಾಲ್ಕೈದು ವ್ಯಾಟ್ ಶಾಖ, ಅದೂ ಉಗುರಿನಗಲದ ಜಾಗದಲ್ಲಿ. ಹೋಲ್ಡರಿನ ಪ್ಲಾಸ್ಟಿಕ್ಕು ಒಂದೇ ಪಿನ್ನಿನ ಸುತ್ತ ಕಂದಾಗಿ ಕರಗಿದ್ದರೆ ಕಾರಣ ಇದೇ.

ಕಾರಿನಲ್ಲಿ ಬಲ್ಬಿನ ತನಕ ಹೋಗಲು ವೈರಿದೆ, ವಾಪಸ್ ಬರಲು ಬಹುಪಾಲು ಇರುವುದು ಬಾಡಿಯ ಕಬ್ಬಿಣವೇ. ಬ್ಯಾಟರಿಯ ಋಣ ತುದಿಯನ್ನು ಸಾಮಾನ್ಯವಾಗಿ ಬಾಡಿಗೆ ಕಟ್ಟಿರುತ್ತಾರೆ, ಪ್ರತಿ ದೀಪದ ಬಳಿಯಿಂದ ಗಿಡ್ಡ ವೈರೊಂದು ಹತ್ತಿರದ ತಗಡಿಗೆ ಸ್ಕ್ರೂ ಆಗಿರುತ್ತದೆ. ತಾಮ್ರ ಅಥವಾ ಹಿತ್ತಾಳೆಯ ಟರ್ಮಿನಲ್, ಅದರಡಿ ಕಬ್ಬಿಣ, ನಡುವೆ ಮಳೆನೀರು. ಈ ಮೂರೂ ಸೇರಿದ ಕಡೆ ಮೊದಲು ತುಕ್ಕು ಹಿಡಿಯುವುದು ಕಬ್ಬಿಣ, ಅದೂ ಟರ್ಮಿನಲ್ಲಿನ ಅಡಿಯಲ್ಲಿ. ಮೇಲಿನಿಂದ ನೋಡಿದರೆ ಸ್ಕ್ರೂ ಬಿಗಿಯಾಗಿ, ಚೆನ್ನಾಗಿಯೇ ಕಾಣುತ್ತದೆ. ದೀಪದ ದೋಷ ಹುಡುಕುವವರು ಮೊದಲು ಅರ್ತ್ ಎಂದು ಕರೆಯುವ ಈ ವಾಪಸ್ ದಾರಿಯ ಕಡೆಗೇ ಹೋಗಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಅರ್ತ್ ಪೂರ್ತಿ ಕಡಿದುಹೋದಾಗ ನಡೆಯುವುದು ಇನ್ನೂ ವಿಚಿತ್ರ. ಹಿಂದಿನ ದೀಪದ ಗೂಡಿನಲ್ಲಿ ಅನೇಕ ಕಾರುಗಳಿಗೆ ಎರಡು ತಂತುಗಳ ಒಂದೇ ಬಲ್ಬು: ರಾತ್ರಿ ದೀಪಕ್ಕೆ 5 ವ್ಯಾಟಿನದು, ಬ್ರೇಕಿಗೆ 21 ವ್ಯಾಟಿನದು. ಎರಡಕ್ಕೂ ಅರ್ತ್ ಒಂದೇ. ಅದು ಕಡಿದಿದೆ ಎಂದುಕೊಳ್ಳಿ. ರಾತ್ರಿ ದೀಪ ಹಾಕಿದಾಗ ಕರೆಂಟು ಸಣ್ಣ ತಂತುವಿನ ಮೂಲಕ ಬಂದು, ಹೊರಗೆ ದಾರಿಯಿಲ್ಲದೆ, ಬ್ರೇಕ್ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಅಲ್ಲಿಂದ ಬ್ರೇಕಿನ ವೈರು ಹಿಡಿದು ಇನ್ನೊಂದು ಬದಿಯ ಬ್ರೇಕ್ ಬಲ್ಬಿಗೆ ಹೋಗಿ, ಆ ಬದಿಯ ಅರ್ತ್ ಮೂಲಕ ಮನೆ ಸೇರುತ್ತದೆ. ತಣ್ಣಗಿರುವ 21 ವ್ಯಾಟಿನ ತಂತುವಿನ ರೋಧ ಒಂದು ಓಮಿನ ಆಸುಪಾಸು, ಉರಿಯುವ ಸಣ್ಣ ತಂತುವಿನದು ಸುಮಾರು 29 ಓಮ್. ಹಾಗಾಗಿ ರಾತ್ರಿ ದೀಪ ಹೆಚ್ಚುಕಡಿಮೆ ಪೂರ್ತಿ ಬೆಳಗುತ್ತದೆ. ಸುತ್ತು ಹಾಕಿ ನೋಡಿದವರಿಗೆ ಎಲ್ಲ ಸರಿಯಿದೆ ಎನಿಸುತ್ತದೆ. ಈಗ ಬ್ರೇಕ್ ಒತ್ತಿ. ಬ್ರೇಕಿನ ವೈರಿಗೂ 12 ವೋಲ್ಟ್ ಬಂತು. ಎರಡೂ ತುದಿಗಳಲ್ಲಿ ಒಂದೇ ವೋಲ್ಟೇಜು, ಹರಿಯಲು ಕಾರಣವೇ ಉಳಿಯಲಿಲ್ಲ. ಪ್ರಕಾಶ ಹೆಚ್ಚಾಗಬೇಕಿದ್ದ ದೀಪ ಬ್ರೇಕ್ ಹಾಕಿದ ಕ್ಷಣದಲ್ಲೇ ಆರಿಹೋಗುತ್ತದೆ. ಹಿಂದೆ ಬರುವ ವಾಹನದವರ ಪಾಲಿಗೆ ಇದಕ್ಕಿಂತ ಅಪಾಯದ ದೋಷ ಕಡಿಮೆ. ಅದಕ್ಕೇ ಹಳೆಯ ಕಾರಿನ ಬ್ರೇಕ್ ಲೈಟನ್ನು ರಾತ್ರಿ ದೀಪ ಹಾಕಿಕೊಂಡೇ, ಹಿಂದೆ ಒಬ್ಬರನ್ನು ನಿಲ್ಲಿಸಿ ಪರೀಕ್ಷಿಸಬೇಕು. ಇಂಡಿಕೇಟರ್ ಹಾಕಿದರೆ ಬೇರೆ ದೀಪಗಳೂ ಅದರ ಜೊತೆ ಮಿನುಗಿದರೆ ಅಲ್ಲೂ ಅರ್ತ್‌ನದೇ ತಕರಾರು.

ಅಳೆಯುವ ಕ್ರಮ ಹೀಗೆ. ದೀಪ ಹಾಕಿ, ಪ್ಲಗ್ ಕಳಚದೆ, ಅದರ ಹಿಂಬದಿಯಿಂದ ಕರೆಂಟು ಬರುವ ಪಿನ್ನಿಗೆ ಮೀಟರಿನ ಕಡ್ಡಿ ತೂರಿಸಿ. ಇನ್ನೊಂದು ಕಡ್ಡಿ ಬ್ಯಾಟರಿಯ ಧನ ತುದಿಗೆ. ದಾರಿ ಪೂರ್ತಿ ಚೆನ್ನಾಗಿದ್ದರೆ ಸೊನ್ನೆಯ ಹತ್ತಿರ ಇರಬೇಕು, ಅರ್ಧ ವೋಲ್ಟ್ ದಾಟಿದರೆ ಆ ಕಡೆ ತೊಂದರೆಯಿದೆ. ಆಮೇಲೆ ಬಲ್ಬಿನ ಅರ್ತ್ ಪಿನ್ನಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಅಳೆಯಿರಿ. ಇಲ್ಲಿ 0.2 ವೋಲ್ಟಿನ ಮೇಲೆ ಹೋದರೇ ಸಂಶಯ ಪಡಬೇಕು. ನಷ್ಟ ಯಾವ ಕಡೆ ಎಂದು ತಿಳಿದ ಮೇಲೆ ಆ ದಾರಿಯ ನಡುಮಧ್ಯದಲ್ಲಿ ಅಳೆದು ಅರ್ಧ ಭಾಗವನ್ನು ಬಿಡುತ್ತಾ ಹೋದರೆ ಕೆಟ್ಟ ಜೋಡಣೆ ಬೇಗ ಕೈಗೆ ಸಿಗುತ್ತದೆ. ಸಿಕ್ಕಮೇಲೆ ಬ್ಯಾಟರಿಯ ಋಣ ತುದಿ ಬಿಚ್ಚಿ, ಟರ್ಮಿನಲ್ ಕಳಚಿ, ತಗಡು ಹೊಳೆಯುವ ತನಕ ಎಮರಿ ಪೇಪರಿನಿಂದ ಉಜ್ಜಿ ಬಿಗಿಮಾಡಿ. ಗ್ರೀಸು ಹಚ್ಚುವುದು ಬಿಗಿ ಮಾಡಿದ ಮೇಲೆ, ನೀರು ಒಳಗೆ ಹೋಗದಿರಲಿ ಎಂದು.

1950ರ ದಶಕದ ತನಕದ ಅನೇಕ ಕಾರುಗಳಲ್ಲಿ 6 ವೋಲ್ಟಿನ ವ್ಯವಸ್ಥೆಯಿತ್ತು. ಅಷ್ಟೇ ವ್ಯಾಟಿಗೆ ಅಲ್ಲಿ ಕರೆಂಟು ಇಮ್ಮಡಿ, ಹಾಗಾಗಿ ಅದೇ ಕೆಟ್ಟ ಜೋಡಣೆ ನಾಲ್ಕು ಪಟ್ಟು ಕಾಡುತ್ತದೆ.

ಬೆಳಕು ಮಂಕಾಯಿತೆಂದು 100 ವ್ಯಾಟಿನ ಬಲ್ಬ್ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಕರೆಂಟು 8 ಆಂಪಿಯರ್ ದಾಟುತ್ತದೆ, ಹಳೆಯ ಜೋಡಣೆಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದರ ಬದಲು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು, ಹಾಕಿಸಿ. ಹಳೆಯ ಎಷ್ಟೋ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ತನಕ ಬಂದು ಹೋಗುತ್ತದೆ. ರಿಲೇ ಇದ್ದರೆ ಸ್ವಿಚ್ಚಿಗೆ ಬರುವುದು ರಿಲೇಯೊಳಗಿನ ಸಣ್ಣ ಸುರುಳಿಗೆ ಬೇಕಾದಷ್ಟು ಕರೆಂಟು ಮಾತ್ರ. ದೀಪದ ಕರೆಂಟು ಬ್ಯಾಟರಿಯಿಂದ ಫ್ಯೂಸ್ ದಾಟಿ ದಪ್ಪ ವೈರಿನಲ್ಲಿ ನೇರ ಹೋಗುತ್ತದೆ. ಇನ್ನು ಬಲ್ಬುಗಳು ಪದೇ ಪದೇ ಸುಟ್ಟುಹೋಗುತ್ತಿದ್ದರೆ ಇಂಜಿನ್ ಓಡಿಸಿ ಬ್ಯಾಟರಿಯ ವೋಲ್ಟೇಜು ನೋಡಿ. 14.4ರ ಒಳಗಿರಬೇಕಾದದ್ದು 15 ದಾಟಿದ್ದರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರಿನ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಶೇಕಡಾ 5ರಷ್ಟು ಹೆಚ್ಚು ವೋಲ್ಟೇಜು ತಂತುವಿನ ಆಯುಸ್ಸನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ.

ಫ್ಯೂಸ್ ಮತ್ತೆ ಮತ್ತೆ ಹಾರುತ್ತದೆಂದು ದೊಡ್ಡ ಫ್ಯೂಸ್ ಹಾಕಿದರೆ ಸುಡುವುದು ವೈರಿಂಗು. ಫ್ಯೂಸಿನ ಜಾಗಕ್ಕೆ 21 ವ್ಯಾಟಿನ ಬಲ್ಬೊಂದನ್ನು ಕಟ್ಟಿ, ಆ ಸಾಲಿನ ದೀಪದ ಬಲ್ಬುಗಳನ್ನೆಲ್ಲ ಕಳಚಿಡಿ. ಶಾರ್ಟ್ ಇದ್ದರೆ, ಅಂದರೆ ವೈರು ಎಲ್ಲೋ ಬಾಡಿಗೆ ತಗುಲಿದ್ದರೆ, ಕಟ್ಟಿದ ಬಲ್ಬು ಪೂರ್ತಿ ಉರಿಯುತ್ತದೆ, ವೈರಿಗೆ ಅಪಾಯವಿಲ್ಲದಷ್ಟು ಕರೆಂಟನ್ನೇ ಬಿಡುತ್ತದೆ. ವೈರಿನ ಕಟ್ಟನ್ನು ಅಲ್ಲಲ್ಲಿ ಅಲುಗಾಡಿಸುತ್ತಾ ಹೋಗಿ. ಯಾವ ಜಾಗ ಮುಟ್ಟಿದಾಗ ಅದು ಆರಿತೋ ಅಲ್ಲೇ ತಾಮ್ರ ಬಾಡಿಗೆ ತಗುಲುತ್ತಿದೆ.

ಆ ಜಾಗ ಎಷ್ಟೋ ಸಲ ಡಿಕ್ಕಿಯ ಮುಚ್ಚಳದ ಕೀಲಿನ ಬಳಿಯೇ ಇರುತ್ತದೆ. ವರ್ಷಗಟ್ಟಲೆ ತೆರೆದು ಮುಚ್ಚಿ ಅಲ್ಲಿನ ವೈರಿನ ಎಳೆಗಳು ಪ್ಲಾಸ್ಟಿಕ್ಕಿನೊಳಗೇ ಒಂದೊಂದಾಗಿ ತುಂಡಾಗುತ್ತವೆ. ಒಂದೇ ಎಳೆ ಉಳಿದಿದ್ದರೂ ಮೀಟರು ಸಂಪರ್ಕ ಇದೆಯೆಂದೇ ಕೂಗುತ್ತದೆ. ರಬ್ಬರಿನ ಕೊಳವೆ ಸರಿಸಿ ಒಂದೊಂದೇ ವೈರನ್ನು ಮೆಲ್ಲಗೆ ಎಳೆದು ನೋಡಿ. ಹಿಗ್ಗುವ ವೈರಿನೊಳಗೆ ತಾಮ್ರ ಕಡಿದಿದೆ. ಅದನ್ನು ಕೀಲಿನಿಂದ ಎರಡೂ ಕಡೆ ಸಾಕಷ್ಟು ದೂರಕ್ಕೆ ಕತ್ತರಿಸಿ, ನಡುವೆ ಹೊಸ ತುಂಡು ಸೇರಿಸಿ ಬೆಸುಗೆ ಹಾಕಿ. ಬೆಸುಗೆ ಬಗ್ಗುವ ಜಾಗದಲ್ಲಿ ಬಂದರೆ ಮತ್ತೆ ಅಲ್ಲೇ ಮುರಿಯುತ್ತದೆ.