ಪದ ಪರಿಚಯ: ಮೀನಿಂಗ್‌ಫುಲ್ ಯೂಸ್

ಆಸ್ಪತ್ರೆ ಕಂಪ್ಯೂಟರ್ ಕೊಂಡರೆ ಸಾಲದು, ಅದನ್ನು ರೋಗಿಯ ಆರೈಕೆಗೆ ಬಳಸುತ್ತಿದ್ದೇವೆ ಎಂದು ಲೆಕ್ಕ ಸಮೇತ ತೋರಿಸಬೇಕು. ತೋರಿಸಿದವರಿಗೆ ಮಾತ್ರ ಸರ್ಕಾರದ ಹಣ. 2009ರಲ್ಲಿ ರೋಗಿಗಳ ದಾಖಲೆಗಳನ್ನು ಕಂಪ್ಯೂಟರಿಗೆ ತರಿಸಲು ‘ಹೈಟೆಕ್’ ಎಂಬ ಕಾಯ್ದೆ ತಂದಾಗ ಅಮೆರಿಕ ಹಾಕಿದ ಈ ಷರತ್ತಿನ ಹೆಸರೇ ‘ಮೀನಿಂಗ್‌ಫುಲ್ ಯೂಸ್’, ಅಂದರೆ ಅರ್ಥಪೂರ್ಣ ಬಳಕೆ.

ಯಾವುದು ಅರ್ಥಪೂರ್ಣ ಎಂಬುದನ್ನು ಕಾಯ್ದೆ ಬಹುಮಟ್ಟಿಗೆ ಆರೋಗ್ಯ ಇಲಾಖೆಗೇ ಬಿಟ್ಟಿತ್ತು. ಸಲಹಾ ಸಮಿತಿಯೊಂದು ಐದು ಆದ್ಯತೆಗಳನ್ನು ಮುಂದಿಟ್ಟಿತು: ಚಿಕಿತ್ಸೆಯ ಗುಣಮಟ್ಟ ಮತ್ತು ಸುರಕ್ಷತೆ, ರೋಗಿ-ಕುಟುಂಬದ ಪಾಲ್ಗೊಳ್ಳುವಿಕೆ, ವೈದ್ಯರ ನಡುವಿನ ಸಮನ್ವಯ, ಸಾರ್ವಜನಿಕ ಆರೋಗ್ಯ, ಖಾಸಗಿತನ. ಇವಿಷ್ಟನ್ನು ಯಾವ ದೇಶವಾದರೂ ಬರೆದಿಡಬಹುದು. ಕಷ್ಟವಿರುವುದು ಅದನ್ನು ಎಣಿಸುವ ಅಂಕಿಯಾಗಿ ಇಳಿಸುವುದರಲ್ಲಿ.

ಒಂದನ್ನೇ ನೋಡೋಣ. ಆದ್ಯತೆ: ಸುರಕ್ಷತೆ. ಅದಕ್ಕೊಂದು ಗುರಿ: ಔಷಧಿಯನ್ನು ಚೀಟಿಯಲ್ಲಿ ಗೀಚದೆ ನೇರವಾಗಿ ಕಂಪ್ಯೂಟರಿನಲ್ಲಿ ನಮೂದಿಸುವುದು. ಇದನ್ನು ಅಳೆಯಲು ಒಂದು ಭಿನ್ನರಾಶಿ. ಛೇದದಲ್ಲಿ, ಔಷಧಿ ಪಟ್ಟಿಯಲ್ಲಿ ಒಂದಾದರೂ ಔಷಧಿ ಇರುವ ರೋಗಿಗಳು. ಅಂಶದಲ್ಲಿ, ಅವರ ಪೈಕಿ ಒಂದಾದರೂ ಔಷಧಿಯನ್ನು ಹೀಗೆ ನಮೂದಿಸಿಕೊಂಡವರು. ಕಾರ್ಯಕ್ರಮ ಹಂತ ಹಂತವಾಗಿ ಬಂತು; ಮೊದಲ ಹಂತದಲ್ಲಿ ಈ ಪ್ರಮಾಣ ಶೇ 30 ದಾಟಬೇಕಿತ್ತು. ವೈದ್ಯರಿಗೆ ಇಂಥ 15 ಕಡ್ಡಾಯ ಗುರಿಗಳು, ಜೊತೆಗೆ 10ರ ಪಟ್ಟಿಯಿಂದ ಆಯ್ದುಕೊಳ್ಳುವ 5. ಮೊದಲ ವರ್ಷ ಸತತ 90 ದಿನಗಳ ಲೆಕ್ಕ ಕೊಟ್ಟರೆ ಸಾಕಿತ್ತು. ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಕಡೆಯಿಂದ ಒಬ್ಬ ವೈದ್ಯರಿಗೆ 5 ವರ್ಷಗಳಲ್ಲಿ 44,000 ಡಾಲರ್‌ವರೆಗೆ ಸಿಗುತ್ತಿತ್ತು. 2015ರಿಂದ ಗುರಿ ಮುಟ್ಟದವರ ಪಾವತಿಗೇ ಕತ್ತರಿ. ಕೆಲವೇ ವರ್ಷಗಳಲ್ಲಿ ಬಹುತೇಕ ಆಸ್ಪತ್ರೆಗಳಿಗೆ ವಿದ್ಯುನ್ಮಾನ ದಾಖಲೆ ಬಂತು. ಇದು ನಿಜಕ್ಕೂ ದೊಡ್ಡ ಸಾಧನೆ.

ಆದರೆ ಅಳತೆಗೋಲು ತಪ್ಪಿದ ಕಡೆ ಫಲವೂ ತಪ್ಪಿತು. ದಾಖಲೆ ವಿನಿಮಯದ ಗುರಿಗೆ ಮೊದಲ ಹಂತದಲ್ಲಿ ಕೇಳಿದ್ದು ಒಂದೇ ಒಂದು ಪರೀಕ್ಷಾರ್ಥ ರವಾನೆ. ಅದು ವಿಫಲವಾದರೂ ಗುರಿ ಮುಟ್ಟಿದಂತೆಯೇ! ಹೀಗಾಗಿ ಕಂಪ್ಯೂಟರುಗಳು ಬಂದವು, ದಾಖಲೆಗಳು ಮಾತ್ರ ಆಯಾ ಆಸ್ಪತ್ರೆಯಲ್ಲೇ ಉಳಿದವು. ಎರಡನೇ ಹಂತದಲ್ಲಿ ಶೇ 5ಕ್ಕಿಂತ ಹೆಚ್ಚು ರೋಗಿಗಳು ತಮ್ಮ ದಾಖಲೆಯನ್ನು ತಾವೇ ಆನ್‌ಲೈನಿನಲ್ಲಿ ನೋಡಬೇಕು, ಇಳಿಸಿಕೊಳ್ಳಬೇಕು ಇಲ್ಲವೇ ಕಳಿಸಬೇಕು ಎಂದರು. ರೋಗಿ ಲಾಗಿನ್ ಆಗದಿದ್ದರೆ ವೈದ್ಯರು ಏನು ಮಾಡಿಯಾರು? 2015ರಲ್ಲಿ ಆ ಶೇ 5ರ ಮಿತಿಯನ್ನು ಒಬ್ಬ ರೋಗಿ ಮಾಡಿದರೂ ಸಾಕು ಎಂಬಷ್ಟಕ್ಕೆ ತಗ್ಗಿಸಲಾಯಿತು. ಮಾಹಿತಿಯನ್ನು ತಡೆಹಿಡಿಯುವುದರ ವಿರುದ್ಧ 2016ರಲ್ಲಿ ಕಾನೂನು ಬಂತು. 2018ರಲ್ಲಿ ಕಾರ್ಯಕ್ರಮದ ಹೆಸರೇ ‘ಪ್ರಮೋಟಿಂಗ್ ಇಂಟರ್‌ಆಪರೆಬಿಲಿಟಿ’ ಎಂದಾಯಿತು. ದಾಖಲೆಗಳು ಒಂದೆಡೆಯಿಂದ ಇನ್ನೊಂದೆಡೆಗೆ ಸಲೀಸಾಗಿ ಹೋಗುವಂತೆ ಮಾಡುವುದೇ ಈಗ ಮುಖ್ಯ ಗುರಿ.

ಭಾರತದಲ್ಲೂ 2023ರ ಜನವರಿಯಲ್ಲಿ ಡಿಜಿಟಲ್ ಆರೋಗ್ಯ ಪ್ರೋತ್ಸಾಹಧನ ಯೋಜನೆ ಶುರುವಾಯಿತು. ರೋಗಿಯ 14 ಅಂಕಿಗಳ ಆಭಾ (ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆಗೆ ಜೋಡಿಸಿದ ದಾಖಲೆಗಳ ಲೆಕ್ಕದ ಮೇಲೆ ಆಸ್ಪತ್ರೆ, ಲ್ಯಾಬ್‌ಗಳಿಗೆ ಹಣ ಕೊಡುವುದು ಅದರ ಕ್ರಮ. ಆರಂಭಕ್ಕೆ ಇದು ಸರಿಯಾದ ಅಳತೆಯೇ. ಆದರೆ ಜೋಡಣೆಯನ್ನಷ್ಟೇ ಎಣಿಸುತ್ತ ಹೋದರೆ ಜೋಡಣೆಯಷ್ಟೇ ಹೆಚ್ಚುತ್ತದೆ. ಜೋಡಿಸಿದ ದಾಖಲೆಗಳು ಛೇದದಲ್ಲಿರಲಿ. ರೋಗಿಯ ಒಪ್ಪಿಗೆ ಪಡೆದು ಬೇರೊಂದು ಆಸ್ಪತ್ರೆಯ ವೈದ್ಯರು ತೆರೆದು ನೋಡಿದವು ಅಂಶಕ್ಕೆ ಬರಲಿ.