ವಾಸನೆ ಬಾರದ ಚಟ

ಕುಮಟಾದಿಂದ ಶಿರಸಿಯ ನನ್ನ ಚಿಕಿತ್ಸಾಲಯಕ್ಕೆ ತಾಯಿಯೊಬ್ಬರು ಒಂಬತ್ತನೆಯ ತರಗತಿಯ ಮಗನನ್ನು ಕರೆತಂದಿದ್ದರು. ಮೂರು ವಾರದಿಂದ ಒಣಕೆಮ್ಮು, ಬೆಳಗಾದರೆ ಸಿಡಿಮಿಡಿ. ‘ಸಿಗರೇಟು ಸೇದುತ್ತೀಯಾ?’ ಎಂದೆ. ‘ಇಲ್ಲ’ ಎಂದ. ಅವನ ಉತ್ತರ ನಿಜವೇ ಆಗಿತ್ತು. ನನ್ನ ಪ್ರಶ್ನೆ ಹಳೆಯದಾಗಿತ್ತು. ತಾಯಿಯನ್ನು ಹೊರಗೆ ಕೂರಿಸಿದ ಮೇಲೆ ಹುಡುಗ ಬಾಯಿಬಿಟ್ಟ: ಗೋಕರ್ಣದ ಕಡಲ ದಂಡೆಯಲ್ಲಿ ಗೆಳೆಯನ ಅಣ್ಣ ಕೊಟ್ಟ ವೇಪ್, ಅಂದರೆ ಬ್ಯಾಟರಿಯಿಂದ ನಡೆಯುವ ಇ-ಸಿಗರೇಟು, ಮಾವಿನ ಹಣ್ಣಿನ ಸ್ವಾದದ್ದು.

ನಮ್ಮ ಮನೆಗಳಲ್ಲಿ ಕವಳದ (ಎಲೆ-ಅಡಿಕೆ-ತಂಬಾಕಿನ) ಬಟ್ಟಲು ಜಗುಲಿಯ ಮೇಲೇ ಇರುತ್ತದೆ. ತಂಬಾಕೆಂದರೆ ಕೆಂಪಾದ ಬಾಯಿ, ಬೀಡಿಯ ಘಾಟು. ಮೂಗಿಗೆ ಬಡಿಯದ ಚಟವನ್ನು ಹಿಡಿಯಲು ನಾವು ಕಲಿತೇ ಇಲ್ಲ.

ಸಿಗರೇಟಿನ ಹೊಗೆ ಮೊದಲ ಸಲ ಎಳೆದವನ ಗಂಟಲನ್ನು ಸುಡುತ್ತದೆ. ಅನೇಕ ಮಕ್ಕಳು ಅಲ್ಲಿಗೇ ಬಿಡುತ್ತಿದ್ದರು. ಈಗಿನ ವೇಪ್‌ಗಳಲ್ಲಿ ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲದಂಥದ್ದನ್ನು ಸೇರಿಸಿ ಲವಣವಾಗಿಸುತ್ತಾರೆ. ಖಾರ ಇಳಿಯುತ್ತದೆ, ಪ್ರಮಾಣ ಇಳಿಯುವುದಿಲ್ಲ. ಎಳೆದ ಕೆಲವೇ ಸೆಕೆಂಡುಗಳಲ್ಲಿ ಅದು ಮಿದುಳು ಸೇರುತ್ತದೆ. ಹದಿನಾಲ್ಕರ ಮಿದುಳಿನಲ್ಲಿ, ಆಸೆಗೆ ಕಡಿವಾಣ ಹಾಕುವ ಮುಂಭಾಗ ಇನ್ನೂ ಬೆಳೆಯುತ್ತಿರುತ್ತದೆ.

13ರಿಂದ 15 ವರ್ಷದ ಕನಿಷ್ಠ 1.5 ಕೋಟಿ ಮಕ್ಕಳು ವೇಪ್ ಬಳಸುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಅಂದಾಜಿಸಿತು. ಅಮೆರಿಕದ ಪ್ರೌಢಶಾಲೆಗಳಲ್ಲಿ 2019ರಲ್ಲಿ ಶೇ 27.5 ಇದ್ದ ಬಳಕೆ 2024ಕ್ಕೆ ಶೇ 7.8ಕ್ಕೆ ಕುಸಿದಿದೆ. ಇಳಿಸಲು ಸಾಧ್ಯವಿದೆ ಎಂಬುದೇ ನನಗೆ ದೊಡ್ಡ ಧೈರ್ಯ. ನಮ್ಮಲ್ಲಿ 2019ರ ಸಮೀಕ್ಷೆಯಂತೆ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಕೆ ದೇಶದಲ್ಲಿ ಶೇ 8.5, ಕರ್ನಾಟಕದಲ್ಲಿ ಶೇ 1.2 ಮಾತ್ರ. ಅದೇ ವರ್ಷ ಇ-ಸಿಗರೇಟಿನ ಮಾರಾಟವನ್ನೇ ದೇಶ ನಿಷೇಧಿಸಿತು. ಆದರೂ ವೇಪ್ ಈ ಹುಡುಗನ ಕೈಸೇರಿತ್ತು. ಆ ಶೇ 1.2ನ್ನು ಹಿಡಿದು ನಿಶ್ಚಿಂತರಾಗಿರಲು ನನ್ನಿಂದಾಗದು.

ಈಗ ನಾನು ಮಕ್ಕಳನ್ನು ಒಬ್ಬರೇ ಇರುವಾಗ, ‘ಏನನ್ನಾದರೂ ಎಳೆದು ನೋಡಿದ್ದೀಯಾ?’ ಎಂದು ಕೇಳುತ್ತೇನೆ. ಆ ಹುಡುಗ ಒಪ್ಪಿದ ಮೇಲೆಯೇ ತಾಯಿಗೆ ವಿಷಯ ತಿಳಿಸಿದೆ. ‘ಹೊಡೆಯಲೇ ಡಾಕ್ಟರೇ?’ ಎಂದು ಕಣ್ಣೀರು ತುಂಬಿ ಕೇಳಿದರು. ಬೇಡವೆಂದೆ. ಬಿಟ್ಟ ಮೊದಲ ವಾರ ನಿದ್ದೆ ಕೆಡುತ್ತದೆ, ಸಿಟ್ಟು ಹೆಚ್ಚುತ್ತದೆ. ಆಗ ಅವನ ಒರಟು ಮಾತಿಗೆ ತಿರುಗಿ ಬಯ್ಯಬೇಡಿ ಎಂದೆ. ತಂಬಾಕು ಬಿಡಲು ನೆರವಾಗುವ 1800112356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯನ್ನು ಚೀಟಿಯ ಮೇಲೆ ಬರೆದು ಹುಡುಗನ ಕೈಗೇ ಕೊಟ್ಟೆ.