ಕಪ್ಪೆ, ಹಾವು, ಹಲ್ಲಿ ದಾಖಲೆ ಮಾಡೋದು ಹೇಗೆ: ಮಂಡ್ಯ ಕಡೆಯ ನನ್ನ ಟಿಪ್ಪಣಿ

ನನ್ನ ಹಳೇ ನೋಟ್‌ಬುಕ್‌ನಲ್ಲಿ ‘ಕೊಳಕುಮಂಡಲ, ಕಬ್ಬಿನ ಗದ್ದೆ’ ಅಂತ ಮೂರು ಕಡೆ ಬರೆದಿದೆ. ಅದರಲ್ಲಿ ಒಂದು ಖಂಡಿತ ಕೊಳಕುಮಂಡಲ ಅಲ್ಲ. ಉಳಿದ ಎರಡು ಏನಿದ್ದವೋ, ಈಗ ದೇವರಿಗೇ ಗೊತ್ತು.

ಆಗಿದ್ದು ಇಷ್ಟು. ಕಬ್ಬು ಕಟಾವಿನ ಕಾಲ. ಗದ್ದೆ ಮುಗಿಯುತ್ತಾ ಬಂದ ಹಾಗೆ ಒಳಗೆ ಅವಿತಿದ್ದ ಇಲಿ, ಹಾವು, ಉಡ ಎಲ್ಲಾ ಕೊನೆಯ ನಾಲ್ಕು ಸಾಲಿಗೆ ಬಂದು ಸೇರಿಕೊಳ್ಳುತ್ತವೆ. ಕಟಾವು ಮಾಡುತ್ತಿದ್ದ ಅಣ್ಣ ಒಬ್ಬರು ಕೂಗಿದರು, "ಬಾರಪ್ಪ ಇಲ್ಲಿ, ಕೊಳಕ್‌ಮಂಡ್ಲ ಐತೆ!" ನಾನು ದೂರದಿಂದ ಫೋಟೊ ಹೊಡೆದು, ಅವರು ಹೇಳಿದ ಹೆಸರನ್ನೇ ಬರೆದುಕೊಂಡು ಬಂದೆ. ವರ್ಷ ಕಳೆದ ಮೇಲೆ ಅದೇ ಫೋಟೊ ದೊಡ್ಡದು ಮಾಡಿ ನೋಡಿದರೆ ಕತ್ತು ಅನ್ನುವುದೇ ಇಲ್ಲ. ತಲೆ ನೇರ ಮೈಗೆ ಅಂಟಿಕೊಂಡಿದೆ, ಬಾಲ ಗಿಡ್ಡ, ಮೈಮೇಲಿನ ಕಲೆಗಳು ಒಂದಕ್ಕೊಂದು ಕೂಡಿಕೊಂಡು ಅಂಕುಡೊಂಕು ಪಟ್ಟಿ ಆಗಿವೆ. ಕೊಳಕುಮಂಡಲಕ್ಕೆ ತಲೆ ತ್ರಿಕೋನ, ಕತ್ತು ಎದ್ದು ಕಾಣುತ್ತದೆ, ಬೆನ್ನ ಮೇಲೆ ಸರಪಳಿ ಹಾಗೆ ಮೂರು ಸಾಲು ಮೊಟ್ಟೆಯಾಕಾರದ ಕಲೆ. ನನ್ನದು ಪಾಪದ ಮಣ್ಣುಮುಕ್ಕ ಹಾವು. ವಿಷವೇ ಇಲ್ಲ. ಅಣ್ಣನ ತಪ್ಪಲ್ಲ ಬಿಡಿ, ಅವರಿಗೆ ಬೇಕಾಗಿದ್ದು ಹುಷಾರಾಗಿರುವುದು. ತಪ್ಪು ನನ್ನದು. ಉಳಿದ ಎರಡು ನಮೂದಿಗೆ ಫೋಟೊನೂ ಇಲ್ಲ, ವಿವರಣೆನೂ ಇಲ್ಲ, ಬರೀ ಹೆಸರು.

ಅದಕ್ಕೇ ಈಗ ನಾನು ಹೆಸರನ್ನು ಕೊನೆಗೆ ಬರೆಯುತ್ತೇನೆ. ಮೊದಲು ಏನು ಕಂಡಿತು ಅನ್ನುವುದು. ನನ್ನ ಒಂದು ನಮೂದು ಈಗ ಹೀಗಿರುತ್ತದೆ:

‘ಜೂನ್ 3, ರಾತ್ರಿ 8.40. ಪಾಂಡವಪುರ ತಾಲ್ಲೂಕು, ನಾಲೆ ಏರಿ, ತೂಬಿನಿಂದ ಸುಮಾರು 50 ಹೆಜ್ಜೆ ಕೆಳಗೆ (ಫೋನಿನಲ್ಲಿ ಅಕ್ಷಾಂಶ, ರೇಖಾಂಶ ಇದೆ). ಸಂಜೆ ಮಳೆ ಬಂದು ನಿಂತಿತ್ತು. ಹಾವು 1, ಎರಡೂವರೆ ಅಡಿ ಇರಬಹುದು, ಹಳದಿ ಮೈಗೆ ಚದುರಂಗದ ಮನೆ ಥರ ಕಪ್ಪು ಕಲೆ, ಕಣ್ಣಿನ ಕೆಳಗೆ ಎರಡು ಕಪ್ಪು ಗೆರೆ. ನೀರಿಗೆ ಇಳಿಯಿತು. ಫೋಟೊ 2. ಊರಿನವರ ಹೆಸರು: ನೀರು ಹಾವು. ನನ್ನ ಹೆಸರು: ಅದೇ, ಖಚಿತ. ಹುಡುಕಿದ್ದು 1 ಗಂಟೆ, ಇಬ್ಬರು.’

ಇಷ್ಟಿದ್ದರೆ ನಾನು ಪಕ್ಕದಲ್ಲಿ ಇಲ್ಲದಿದ್ದರೂ ಬೇರೆಯವರು ಓದಿ ‘ಸರಿ’ ಅಥವಾ ‘ಇಲ್ಲ ಮಾರಾಯ’ ಅನ್ನಬಹುದು. ಊರಿನವರ ಹೆಸರಿಗೂ ನನ್ನ ಹೆಸರಿಗೂ ಬೇರೆ ಬೇರೆ ಜಾಗ ಇಟ್ಟಿದ್ದೇನೆ ನೋಡಿ, ಅದು ಆ ಮಣ್ಣುಮುಕ್ಕನ ಉಪಕಾರ. ಗೋಸುಂಬೆ ಅಂತ ಹೇಳಿದ್ದರಲ್ಲಿ ಹತ್ತಕ್ಕೆ ಒಂಬತ್ತು ಬೇಲಿ ಮೇಲಿನ ಓತಿಕ್ಯಾತವೇ ಇರುತ್ತದೆ, ಅದೂ ಬಣ್ಣ ಬದಲಾಯಿಸುತ್ತದಲ್ವಾ.

ಜಾಗದ ವಿಷಯ. ‘ಮಂಡ್ಯ’ ಅಂತ ಬರೆದರೆ ಏನೂ ಬರೆದ ಹಾಗಲ್ಲ. ಜಿಲ್ಲೆಯಲ್ಲಿ 7 ತಾಲ್ಲೂಕು, ಒಂದರ ನೆಲ ಇನ್ನೊಂದರ ಹಾಗಿಲ್ಲ. ಕೆಆರ್‌ಎಸ್ ನೀರು, ವಿಶ್ವೇಶ್ವರಯ್ಯ ನಾಲೆ ಹರಿಯುವ ಕಡೆ ಭತ್ತ, ಕಬ್ಬು, ವರ್ಷದಲ್ಲಿ ಬಹಳ ದಿನ ತೇವ. ಅಲ್ಲಿ ಕಪ್ಪೆ, ನೀರು ಹಾವು ಹುಡುಕಬೇಕು. ನಾಗಮಂಗಲದ ಕಡೆ ಹೋದರೆ ರಾಗಿ, ಹುರುಳಿ, ಕಲ್ಲು, ಕುರುಚಲು. ಮೇಲುಕೋಟೆ, ಕುಂತಿಬೆಟ್ಟದಂಥ ಬಂಡೆ ಕಂಡರೆ ನಾನು ನೋಡುವುದು ಬಂಡೆ ಓತಿಗೆ. ಗಂಡು ಬೆದೆಗೆ ಬಂದಾಗ ಮೇಲೆ ಕಿತ್ತಳೆಗೆಂಪು, ಪಕ್ಕ ಮಸಿಗಪ್ಪು, ಯಾರೋ ಬಣ್ಣ ಬಳಿದು ಬಿಟ್ಟ ಹಾಗೆ. ನಾನು ತಾಲ್ಲೂಕಿನ ನಕ್ಷೆಗೆ ಒಂದೊಂದು ಕಿಲೋಮೀಟರ್ ಚೌಕ ಹಾಕಿಕೊಂಡಿದ್ದೇನೆ. ಕೆಲವು ಚೌಕ ಖಾಲಿ. ಅಲ್ಲಿ ಏನೂ ಇಲ್ಲ ಅಂತಲ್ಲ, ಅಲ್ಲಿಗೆ ನಾನು ಹೋಗಿಲ್ಲ. ಹೋಗಿ, ಒಂದು ಗಂಟೆ ಹುಡುಕಿ, ಏನೂ ಸಿಗದಿದ್ದರೆ ಅದನ್ನೂ ಬರೆಯಬೇಕು. ಸೊನ್ನೆ ಬರೆಯಲು ಬೇಜಾರಾಗುತ್ತದೆ, ನಿಜ. ಆದರೆ ಸೊನ್ನೆ ಇಲ್ಲದಿದ್ದರೆ ಖಾಲಿ ಚೌಕಕ್ಕೂ ಹುಡುಕಿದ ಚೌಕಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಹಾವು ಹಿಡಿಯುವವರು ಕೊಡುವ ಪಟ್ಟಿ ತುಂಬಾ ಉಪಯೋಗ, ಆದರೆ ಹಿಡಿದ ಜಾಗ ಕೇಳಿ ಬರೆದುಕೊಳ್ಳಿ, ಬಿಟ್ಟ ಜಾಗ ಅಲ್ಲ. ಬಿಟ್ಟ ಜಾಗದಲ್ಲಿ ಆ ಹಾವು ಬರೀ ಅತಿಥಿ.

ತಾರೀಖು ಗೊತ್ತಿಲ್ಲದ ಮಾಹಿತಿ ಎಸೆಯಬೇಡಿ. ನಮ್ಮ ತಾತಂದಿರು ತಿಂಗಳು ಹೇಳುವುದಿಲ್ಲ, ಮಳೆ ಹೇಳುತ್ತಾರೆ. "ಭರಣಿ ಮಳೇಲಿ ನೋಡ್ದೆ ಕಣಪ್ಪ" ಅಂದರೆ ಹೆಚ್ಚೂಕಡಿಮೆ ಏಪ್ರಿಲ್ ಕೊನೆಯಿಂದ ಮೇ 10ರ ಒಳಗೆ. ರೋಹಿಣಿ ಅಂದರೆ ಮೇ ಕೊನೆಯಿಂದ ಜೂನ್ ಮೊದಲ ವಾರ. ‘ಎರಡು ವಾರದ ಅಂದಾಜು’ ಅಂತ ಪಕ್ಕದಲ್ಲಿ ಬರೆದರೆ ಆಯಿತು.

ಈಗ ಕಪ್ಪೆಗೆ ಬರೋಣ. ಇದೇ ನನಗೆ ಇಷ್ಟದ ಭಾಗ. ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಗದ್ದೆ ಬದುವಿಗೆ ಹೋಗಿ ನಿಂತುಕೊಳ್ಳಿ. ದೊಡ್ಡ ಗದ್ದೆ ಕಪ್ಪೆಯ ಗಂಡುಗಳು ನಿಂಬೆಹಣ್ಣಿನ ಹಳದಿಗೆ ತಿರುಗಿರುತ್ತವೆ, ಕೂಗುವಾಗ ಗಂಟಲಿನ ಎರಡೂ ಪಕ್ಕ ಕಡುನೀಲಿ ಬಲೂನು ಉಬ್ಬುತ್ತದೆ. ಟಾರ್ಚ್ ಬಿಟ್ಟಾಗ ಮೊದಲ ಸಲ ನಾನು ಯಾರೋ ಪ್ಲಾಸ್ಟಿಕ್ ಬೊಂಬೆ ಎಸೆದಿದ್ದಾರೆ ಅಂದುಕೊಂಡೆ. ಆಮೇಲೆ ಅದೇ ಕಪ್ಪೆ ಮತ್ತೆ ಮಾಸಲು ಹಸಿರುಗಂದು. ಗೊತ್ತಿಲ್ಲದವರು ಎರಡು ಜಾತಿ ಅಂತ ಬರೆಯುತ್ತಾರೆ. ನಾವು ಪಿಯುಸಿಯಲ್ಲಿ ಓದಿದ ‘ರಾನಾ ಟೈಗ್ರಿನಾ’ ಇದೇ, ಈಗ ಹೊಪ್ಲೊಬ್ಯಾಟ್ರಾಕಸ್ ಟೈಗೆರಿನಸ್. ಹೆಸರು ಬದಲಾಗುತ್ತಲೇ ಇರುತ್ತದೆ, ಫೋಟೊ ಬದಲಾಗುವುದಿಲ್ಲ. ಒಂದು ಕಾಲದಲ್ಲಿ ಇವುಗಳ ಕಾಲು ಹೊರದೇಶಕ್ಕೆ ಹೋಗುತ್ತಿತ್ತು, 1987ರಲ್ಲಿ ಆ ರಫ್ತು ನಿಷೇಧ ಆಯಿತು.

ಕಾಣದ ಕಪ್ಪೆಯನ್ನು ಕಿವಿಯಿಂದ ದಾಖಲಿಸಬಹುದು. ಫೋನಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ, ಶುರುವಿನಲ್ಲೇ ತಾರೀಖು, ಊರು, ಸಮಯ ಬಾಯಿಬಿಟ್ಟು ಹೇಳಿಬಿಡಿ, ಇಲ್ಲಾಂದ್ರೆ ಮನೆಗೆ ಬಂದ ಮೇಲೆ ಯಾವ ಫೈಲ್ ಯಾವುದು ಅಂತ ತಲೆ ಕೆಡುತ್ತದೆ. ಬಾಚಣಿಗೆ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ ಕೇಳಿಸಿದರೆ ಅದು ಚಿಕ್ಕಬಾಯಿ ಕಪ್ಪೆ ಇರಬಹುದು. ಮೈ ಹೆಬ್ಬೆರಳ ತುದಿಯಷ್ಟು, ಕೂಗು ಊರಿಗೆಲ್ಲ ಕೇಳುವಷ್ಟು. ಸಿಮೆಂಟ್ ತೊಟ್ಟಿಯ ಗೋಡೆಗೆ ಬಿಳಿ ನೊರೆಯ ಉಂಡೆ ಅಂಟಿದ್ದರೆ ಮರಗಪ್ಪೆ ಮೊಟ್ಟೆ ಇಟ್ಟಿದೆ. ನೀರಿನಲ್ಲಿ ಮಣಿಸರದ ಹಾಗೆ ಉದ್ದುದ್ದ ಎಳೆ ಕಂಡರೆ ನೆಲಗಪ್ಪೆಯದು. ಇವೆಲ್ಲ ದಾಖಲೆಯೇ, ಸಂತಾನ ಆಗುತ್ತಿದೆ ಅನ್ನುವುದಕ್ಕೆ ಸಾಕ್ಷಿ ಬೇರೆ. ಗೊದ್ದಮೊಟ್ಟೆ ಮಾತ್ರ ಕಷ್ಟ. ‘ಗೊದ್ದಮೊಟ್ಟೆ, ಜಾತಿ ತಿಳಿದಿಲ್ಲ’ ಅಂತ ಬರೆದು ಮುಂದೆ ಹೋಗಿ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವಾಗ ಚಪ್ಪಲಿ ಕೆಸರು ತೊಳೆದುಕೊಳ್ಳಿ, ಕಪ್ಪೆಗಳ ಚರ್ಮದ ರೋಗ ಹೀಗೂ ಹರಡುತ್ತದೆ.

ಹಾವೇ ಕಾಣಲಿಲ್ಲ, ಪೊರೆ ಸಿಕ್ಕಿತು ಅಂದುಕೊಳ್ಳಿ. ಖುಷಿಪಡಿ. ಬದುವಿನ ಕಲ್ಲುಗುಡ್ಡೆಯಲ್ಲಿ ನನಗೆ ಸಿಕ್ಕಿದ್ದು ನನ್ನ ಎತ್ತರಕ್ಕಿಂತ ಉದ್ದ ಇತ್ತು, ಕಣ್ಣಿನ ಮೇಲಿನ ಪಾರದರ್ಶಕ ಮುಚ್ಚಳವೂ ಹಾಗೇ ಇತ್ತು. ನೀರಿನಲ್ಲಿ ನೆನೆಸಿ, ನ್ಯೂಸ್‌ಪೇಪರ್ ಮೇಲೆ ಹರಡಿ, ಮೈ ಮಧ್ಯದಲ್ಲಿ ಓರೆಯಾಗಿ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹುರುಪೆ ಎಣಿಸಬೇಕು, ಹೊಟ್ಟೆಯ ಅಗಲ ಪಟ್ಟಿ ಬಿಟ್ಟು. ಮೊದಲ ಸಲ 18 ಬಂತು. ಅನುಮಾನ ಬಂದು ಬೆಂಕಿಕಡ್ಡಿ ತುದಿ ಇಟ್ಟು ಮತ್ತೆ ಎಣಿಸಿದರೆ 17. ಕೇರೆ ಹಾವಿಗೆ ಸಾಮಾನ್ಯವಾಗಿ 17, ನೀರು ಹಾವಿಗೆ 19, ಕೊಳಕುಮಂಡಲಕ್ಕೆ 27ರಿಂದ 33. ಪೊರೆ ಹಿಗ್ಗಿ ಉದ್ದ ಜಾಸ್ತಿ ಆಗಿರುತ್ತದೆ, ಹಾಗಾಗಿ ಉದ್ದ ನಂಬಬೇಡಿ, ಎಣಿಕೆ ನಂಬಿ. ಬಾಲದ ಅಡಿಯೂ ನೋಡಿ. ಅಲ್ಲಿ ಹುರುಪೆ ಒಂಟಿ ಸಾಲಾಗಿದ್ದರೆ ಕಟ್ಟುಹಾವನ್ನು ನೆನೆಯಿರಿ, ನಮ್ಮ ಕಡೆಯ ಬಹಳ ಹಾವುಗಳಿಗೆ ಅದು ಜೋಡಿ ಸಾಲು.

ಕಟ್ಟುಹಾವಿಗೂ ತೋಳದ ಹಾವಿಗೂ ದಿನಾ ಗೊಂದಲ. ತೋಳದ ಹಾವಿನ ಬಿಳಿ ಪಟ್ಟಿ ಕತ್ತಿನಿಂದಲೇ ಶುರುವಾಗಿ ಬಾಲದ ಕಡೆ ಮಾಸುತ್ತದೆ. ಕಟ್ಟುಹಾವಿಗೆ ತಿರುಗುಮುರುಗು, ತಲೆಯ ಕಡೆ ಪಟ್ಟಿ ಕಡಿಮೆ, ಜೊತೆಗೆ ಬೆನ್ನಿನ ನಡುವೆ ಆರು ಮೂಲೆಯ ದೊಡ್ಡ ಹುರುಪೆಯ ಸಾಲು. ಅದನ್ನು ಜೂಮ್ ಮಾಡಿ ನೋಡಿ, ಬಗ್ಗಿ ನೋಡಬೇಡಿ. ಗೊತ್ತಾಗದಿದ್ದರೆ ‘ಪಟ್ಟೆ ಹಾವು, ಎರಡರಲ್ಲಿ ಒಂದು’ ಅಂತ ಬರೆದರೆ ಯಾರೂ ನಗುವುದಿಲ್ಲ. ಕಾಲಿಗೆ ಬೂಟು, ಕೈಗೆ ಟಾರ್ಚ್, ಜೊತೆಗೆ ಒಬ್ಬರು. ಕಡಿದರೆ ಮಂತ್ರ, ಕಟ್ಟು ಏನೂ ಬೇಡ, ನೇರ ಆಸ್ಪತ್ರೆ. ಇನ್ನು ಹಿಡಿದು ತಂದು ಡಬ್ಬಿಯಲ್ಲಿಡುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಫೋಟೊ ಸಾಕು.

ಆಮೆ, ಮೊಸಳೆ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೊಸಳೆ ನೋಡಬೇಕು ಅಂದರೆ ರಂಗನತಿಟ್ಟಿಗೆ ಹೋದರೆ ಬಂಡೆ ಮೇಲೆ ಬಾಯಿ ತೆರೆದುಕೊಂಡು ಮಲಗಿರುತ್ತವೆ. 1940ರಲ್ಲೇ ಅದು ಪಕ್ಷಿಧಾಮ ಆಯಿತು. ವಂಶದ ಲೆಕ್ಕದಲ್ಲಿ ಆ ಮೊಸಳೆಗೆ ನಿಮ್ಮ ಮನೆ ಹಲ್ಲಿಗಿಂತ ಪಕ್ಕದ ಮರದ ಕೊಕ್ಕರೆಯೇ ಹತ್ತಿರದ ನೆಂಟ, ಆದರೂ ಪುಸ್ತಕದಲ್ಲಿ ಮೊಸಳೆ, ಹಲ್ಲಿ, ಹಾವು ಎಲ್ಲ ಒಂದೇ ಬುಟ್ಟಿ.

ಒಂದು ವಿಷಯದಲ್ಲಿ ಮಾತ್ರ ನಿಖರತೆ ಬೇಡ. ನಕ್ಷತ್ರ ಆಮೆ, ಎರಡು ತಲೆ ಹಾವು ಅಂತ ಕರೆಯುವ ಕೆಂಪು ಮಣ್ಣುಮುಕ್ಕ, ಇವುಗಳ ಜಾಗ ನಿಮ್ಮ ನೋಟ್‌ಬುಕ್‌ನಲ್ಲಿ ಸರಿಯಾಗಿರಲಿ, ಎಲ್ಲರಿಗೂ ಕಾಣುವ ಕಡೆ ತಾಲ್ಲೂಕಿನ ಹೆಸರು ಸಾಕು. ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆ ಅಂತ ನಂಬಿ ಹುಡುಕಿಕೊಂಡು ಬರುವವರಿದ್ದಾರೆ.

ಆ ಎರಡು ನಮೂದಿನ ಮುಂದೆ ಈಗ ಪೆನ್ಸಿಲ್‌ನಲ್ಲಿ ‘ಕಲೆ ಇದ್ದ ದಪ್ಪ ಹಾವು’ ಅಂತಷ್ಟೇ ಇದೆ. ಅದೇ ಗದ್ದೆ ಈ ಸಲ ಕೂಳೆ ಕಬ್ಬು, ಕಟಾವಿಗೆ ಮುಂಚೆ ಫೋನ್ ಮಾಡುತ್ತೇನೆ ಅಂತ ಅಣ್ಣ ಹೇಳಿದ್ದಾರೆ.